ದುರುಗೇಶನ ಖಾನೆ, ನನ್ನ ಚುಕ್ಕಿ

ದುರುಗೇಶ್ ನನಗೆ ಎಂದೂ ಹಿಡಿಸಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇವಳು ಅವನನ್ನು ಹೊಗಳಲು ಕೂತಿದ್ದಾಳೆ ಎಂದು ಯಾರಾದರೂ ತಿಳಿದುಕೊಂಡಾರು. ಏಳು ವರ್ಷ ಒಂದೇ ಕಟ್ಟಡದಲ್ಲಿ ಕೆಲಸ ಮಾಡಿದೆವು. ಅವನು ನಕ್ಕಿದ್ದನ್ನು ನಾನು ಕಂಡಿದ್ದು ಒಂದೇ ಸಲ, ಅದೂ ಸರ್ವರಿಗೆ ಹೊಸ ಯುಪಿಎಸ್ ಬಂದ ದಿನ. ಮನುಷ್ಯರನ್ನು ನೋಡಿ ನಕ್ಕಿದ್ದಲ್ಲ, ಬ್ಯಾಟರಿಗಳನ್ನು ನೋಡಿ ನಕ್ಕಿದ್ದು.

ನಾನು ಸರ್ವಮಂಗಳ. ಚಳ್ಳಕೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನೋಂದಣಿ ಕೌಂಟರ್ ನೋಡಿಕೊಳ್ಳುತ್ತೇನೆ. ನಾನು ಸೇರಿದಾಗ ಅದು ಎಣ್ಣೆ ಮಿಲ್ಲಿನ ಹಿಂದಿನ ಆರು ಹಾಸಿಗೆಯ ನರ್ಸಿಂಗ್ ಹೋಮ್. ನಾನು, ಒಂದು ಉದ್ದನೆಯ ಪುಸ್ತಕ, ಒಂದು ಪೆನ್ನು, ಅಷ್ಟೇ. ಈಗ ಮೊಳಕಾಲ್ಮೂರು, ರಾಂಪುರ, ನಾಯಕನಹಟ್ಟಿಯಲ್ಲಿ ಶಾಖೆಗಳಿವೆ. ನಾಲ್ಕೂ ಕಡೆಯ ರೋಗಿಗಳ ದಾಖಲೆ ಚಳ್ಳಕೆರೆಯ ಒಂದೇ ಡೇಟಾಬೇಸಿನಲ್ಲಿದೆ. ರೋಗಿಯ ಹೆಸರು, ಊರು ಒಂದು ಟೇಬಲ್ಲಿನಲ್ಲಿ, ಬಂದುಹೋದ ದಿನಗಳು ಇನ್ನೊಂದರಲ್ಲಿ, ರಕ್ತ ಪರೀಕ್ಷೆ ಮತ್ತೊಂದರಲ್ಲಿ, ಕೊಟ್ಟ ಔಷಧಿ ಮಗದೊಂದರಲ್ಲಿ. ಇವನ್ನೆಲ್ಲ ಪೋಣಿಸಿ ಹಿಡಿಯುವ ದಾರವೆಂದರೆ ರೋಗಿಯ ನಂಬರು. ಆ ದಾರ ಹರಿಯದಂತೆ, ಸಿಕ್ಕು ಬೀಳದಂತೆ ಕಾಯುವುದು ದುರುಗೇಶನ ಕೆಲಸ. ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಎಂದು ಅವನ ಬಾಗಿಲ ಮೇಲೆ ಬರೆದಿತ್ತು. ಕೌಂಟರಿನ ನಾವು ನಾಲ್ವರು ಹೆಂಗಸರು ಮಾತ್ರ ಅವನನ್ನು ಸರ್ವರ್ ರೂಮಿನವನು ಎನ್ನುತ್ತಿದ್ದೆವು.

ಅವನು ದೇವಸಮುದ್ರದವನು. ಕೂಲಿ ಮಾಡುವವರ ಮನೆ. ಅವನ ಹಿನ್ನೆಲೆ ನನಗೆ ತಿಳಿದಿದ್ದು ಅವನಿಂದಲ್ಲ, ಅವನ ಅವ್ವ ಯರ್ರಮ್ಮನಿಂದ. ಕಣ್ಣು ತೋರಿಸಲು ಬಂದಾಕೆ ಸರದಿ ಬರುವವರೆಗೂ ನನ್ನ ಕೌಂಟರಿಗೆ ಒರಗಿ ನಿಂತು ಮಾತಿಗಿಳಿದಳು.

"ನನ್ ಮಗ ಹತ್ತನೇ ಕ್ಲಾಸು ಒಂದ್ ವರ್ಷ ತಡ ಮಾಡಿ ಬರ್ದ ಕಣಮ್ಮ. ದಡ್ಡ ಅಲ್ಲ. ಅದೇ ಕ್ಲಾಸ್‌ನಾಗೆ ನಮ್ ದಾಯಾದಿ ಮಗನೂ ದುರುಗೇಶನೇ. ಅಪ್ಪಂದ್ರ ಹೆಸ್ರೂ ಒಂದೇ. ಮೇಷ್ಟ್ರು ಇಬ್ರಿಗೂ ಜೂನ್ ಒಂದು ಅಂತ ಹುಟ್ಟಿದ್ ದಿನ ಬರ್ದಿದ್ರು. ಮ್ಯಾಲಿನವ್ರು ಇಬ್ರೂ ಒಬ್ನೇ ಅನ್ಕಂಡ್ರು. ಹಾಲ್ ಟಿಕೇಟು ಒಂದೇ ಬಂತು. ಅವ್ನು ಪರೀಕ್ಷೆಗೆ ಹೋದ, ಇವ್ನು ಒಂದ್ ವರ್ಷ ಕುರಿ ಹಿಂದೆ ಹೋದ."

ಓಹೋ, ಇವನ ರೋಗದ ಮೂಲ ಇಲ್ಲಿದೆ ಎಂದುಕೊಂಡೆ. ಕನಿಕರವೇನೂ ಬರಲಿಲ್ಲ. ಅಷ್ಟು ಹೊತ್ತಿಗಾಗಲೇ ಅವನು ನನ್ನ ಹೊಟ್ಟೆ ಸಾಕಷ್ಟು ಉರಿಸಿದ್ದ.

ಮೊದಲನೆಯದು ಪಾಸ್‌ವರ್ಡಿನ ಜಗಳ. ನಾವು ನಾಲ್ವರೂ ಒಂದೇ ಲಾಗಿನ್ನಿನಲ್ಲಿ ಕೆಲಸ ಮಾಡುತ್ತಿದ್ದೆವು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿದ್ದೆವು. ಒಂದು ಸೋಮವಾರ, ಬಾಗಿಲವರೆಗೂ ರೋಗಿಗಳ ಸಾಲು ನಿಂತಿದ್ದಾಗ, ಇವನು ಬಂದು ಆ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡ. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಟ್ಟು ಒಂದು ದಪ್ಪ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡ. ಆ ರಿಜಿಸ್ಟರಿನ ಪ್ರತಿ ಪುಟಕ್ಕೂ ನಂಬರು, ಸೀಲು. ಡೇಟಾಬೇಸಿನಲ್ಲಿ ದೊಡ್ಡ ಬದಲಾವಣೆ ಏನಾದರೂ ಯಾವ ದಿನ, ಎಷ್ಟು ಗಂಟೆಗೆ, ಯಾವ ಕಂಪ್ಯೂಟರಿನಿಂದ, ಯಾರು ಮಾಡಿದರು ಎಂದು ಅದರಲ್ಲಿ ಬರೆಯಬೇಕಂತೆ. ಇಪ್ಪತ್ತೆಂಟು ವರ್ಷ ಸರ್ವೀಸಾದ ನಾನು, ನಿನ್ನೆ ಮೊನ್ನೆ ಬಂದವನ ಮುಂದೆ ಶಾಲೆಯ ಹುಡುಗಿಯಂತೆ ಸಹಿ ಹಾಕಿದೆ.

ಇನ್ನೊಂದು ಅವನ ಶನಿವಾರದ ಪೂಜೆ. ದಿನಾ ಬ್ಯಾಕಪ್ ತೆಗೆಯುತ್ತಿದ್ದ, ಸರಿ. ಶನಿವಾರ ಮಧ್ಯಾಹ್ನ ಆ ಬ್ಯಾಕಪ್ಪನ್ನು ಒಂದು ಹಳೇ ಕಂಪ್ಯೂಟರಿಗೆ ಹಾಕಿ, ಇಡೀ ಡೇಟಾಬೇಸನ್ನು ಅದರಲ್ಲಿ ಎಬ್ಬಿಸಿ, ಹತ್ತು ರೋಗಿಗಳ ಕಡತ ತರಿಸಿಕೊಂಡು ತಾಳೆ ನೋಡುತ್ತಿದ್ದ. ಆ ಹತ್ತು ಕಡತ ಹುಡುಕಿಕೊಡುವ ಕರ್ಮ ನನ್ನದು. ನಮ್ಮ ಆಡಳಿತಾಧಿಕಾರಿ ಚಂದ್ರಶೇಖರ್ ಸರ್ ಒಮ್ಮೆ ಎಲ್ಲರ ಮುಂದೆಯೇ ಕಿಚಾಯಿಸಿದರು.

"ಏನ್ರೀ ದುರುಗೇಶ್, ಬ್ಯಾಕಪ್ ತಗಂಡಿಟ್ರೆ ಸಾಲ್ದಾ? ವಾರವಾರ ಅದನ್ನ ಎಬ್ಬಿಸಿ ಓಡಾಡಿಸ್ಬೇಕಾ?"

"ಎದ್ದು ನಿಂತ್ರೆ ಬ್ಯಾಕಪ್ಪು ಸರ್. ನಿಲ್ಲದಿದ್ರೆ ಬರೀ ಫೈಲು."

ಹೀಗೆ ಮುಖಕ್ಕೆ ಹೊಡೆದ ಹಾಗೆ ಮಾತು. ಸರ್ ಮುಖ ಸಪ್ಪಗಾಯಿತು. ನನಗೂ ಸಿಟ್ಟು ಬಂತು.

ಇವೆಲ್ಲಕ್ಕಿಂತ ದೊಡ್ಡದು ಆ ಖಾನೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಹೆಸರುಗಳೇ ಕಡಿಮೆ. ತಾತನ ಹೆಸರು ಮೊಮ್ಮಗನಿಗೆ, ಮನೆದೇವರ ಹೆಸರು ಓಣಿಗೆಲ್ಲ. ಹುಟ್ಟಿದ ದಿನ ಯಾರೂ ಬರೆದಿಟ್ಟವರಲ್ಲ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಎಂದು ಹಾಕಿದ್ದೇ ಜನ್ಮದಿನ. ಆದರೂ ಊರಿನವರಿಗೆ ಗೊಂದಲವಿಲ್ಲ, ಅವರು ಕರೆಯುವ ಹೆಸರೇ ಬೇರೆ. ಇದನ್ನು ಹಿಡಿದುಕೊಂಡು ದುರುಗೇಶ್ ನೋಂದಣಿಯಲ್ಲಿ ಹೊಸದೊಂದು ಖಾನೆ ಸೇರಿಸಿದ: ಊರಲ್ಲಿ ಕರೆಯುವ ಹೆಸರು. ಅದನ್ನು ತುಂಬದೆ ಮುಂದಿನ ಪುಟ ತೆರೆಯುತ್ತಿರಲಿಲ್ಲ.

ಅವನಿಗೇನು, ಒಳಗೆ ಎಸಿಯಲ್ಲಿ ಕೂತು ಖಾನೆ ಮಾಡಿದ. ಕೇಳಬೇಕಾದವಳು ನಾನು. "ನಿಮ್ಮನ್ನ ಊರಾಗೆ ಏನಂತ ಕರೀತಾರೆ?" ಎಂದು ಒಬ್ಬ ಹಿರಿಯರನ್ನು ಕೇಳಿದೆ. ಅವರು ತಲೆ ತಗ್ಗಿಸಿದರು. ಜೊತೆಗೆ ಬಂದ ಸೊಸೆ ಸೆರಗು ಬಾಯಿಗೆ ಹಿಡಿದು "ಬೋಳ ಅಂತಾರೆ" ಎಂದಳು. ಇನ್ನೊಬ್ಬ, "ನಿನ್ನನ್ನ ಏನಂತ ಕರೀತಾರೆ, ಮೊದ್ಲು ಅದನ್ನೇಳಮ್ಮ" ಎಂದಾಗ ಇಡೀ ಸಾಲು ಗೊಳ್ಳೆಂದು ನಕ್ಕಿತು. ಮೂರು ದಿನ ಸಹಿಸಿದೆ. ನಾಲ್ಕನೆಯ ದಿನ ಆ ಖಾನೆಯಲ್ಲಿ ಒಂದು ಚುಕ್ಕಿ ಒತ್ತಿ ನೋಡಿದೆ. ಪುಟ ತೆರೆಯಿತು. ಅಂದಿನಿಂದ ಎಲ್ಲರಿಗೂ ಚುಕ್ಕಿ. ಉಳಿದ ಮೂವರಿಗೂ ನಾನೇ ಹೇಳಿಕೊಟ್ಟೆ.

ಕೆಲವು ತಿಂಗಳ ಮೇಲೆ ಅವನು ಕಾಗದದ ಕಟ್ಟೊಂದನ್ನು ಹಿಡಿದು ಬಂದ.

"ಮೇಡಂ, ಹದಿನೆಂಟು ಸಾವಿರ ಚುಕ್ಕಿ ಐತೆ."

"ಇರ್ಲಿ ಬಿಡು. ನಿನ್ನನ್ನೇನು ಕಚ್ತಾವಾ?"

"ನನ್ನ ಕಚ್ಚಲ್ಲ ಮೇಡಂ," ಎಂದು ಕಟ್ಟನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದ. ಚುಕ್ಕಿ ಒತ್ತಲಾಗದಂತೆ ಮಾಡುತ್ತೇನೆಂದು ಚಂದ್ರಶೇಖರ್ ಸರ್ ಹತ್ತಿರ ಹೋದನಂತೆ. ಸಾಲು ಬೆಳೆಯುತ್ತದೆ, ಬೇಡ ಎಂದು ಸರ್ ನಿಲ್ಲಿಸಿದರು. ನಾನು ಗೆದ್ದೆ ಎಂದುಕೊಂಡೆ.

ಕಳೆದ ವರ್ಷ ಆಸ್ಪತ್ರೆಗೆ ಗುಣಮಟ್ಟದ ಸರ್ಟಿಫಿಕೇಟ್ ಪಡೆಯುವ ಹುರುಪು ಹತ್ತಿತು. ಒಬ್ಬನೇ ರೋಗಿಗೆ ಎರಡೆರಡು ನಂಬರು ಇರಬಾರದು, ತಪಾಸಣೆಗೆ ಬರುವವರು ಅದನ್ನೇ ಮೊದಲು ನೋಡುತ್ತಾರೆ ಎಂದರು. ಸಾಫ್ಟ್‌ವೇರ್ ಕಂಪನಿಯವರು ಒಂದು ಪ್ರೋಗ್ರಾಂ ಬರೆದು ಕಳಿಸಿದರು. ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನ, ಕರೆಯುವ ಹೆಸರು, ಈ ಐದೂ ಹೊಂದಿದರೆ ಇಬ್ಬರನ್ನು ಒಬ್ಬನೆಂದು ಕೂಡಿಸುವುದು, ಹೊಸ ದಾಖಲೆ ಉಳಿಸಿಕೊಂಡು ಹಳೆಯದನ್ನು ತೆಗೆಯುವುದು. ಮೀಟಿಂಗಿನಲ್ಲಿ ದುರುಗೇಶ್ ಆಗುವುದಿಲ್ಲ ಎಂದ.

"ಸರ್, ದೇವಸಮುದ್ರದಾಗೆ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟೈತೆ."

ಎಲ್ಲರೂ ನಕ್ಕರು. ಅವನು ನಗಲಿಲ್ಲ.

"ಕರೆಯೋ ಹೆಸ್ರು ಬ್ಯಾರೆ ಇದ್ದಿದ್ರೆ ಉಳ್ಕಂತಿದ್ರು. ಅಲ್ಲಿ ಚುಕ್ಕಿ ಐತೆ. ಚುಕ್ಕಿಗೆ ಚುಕ್ಕಿ ಹೊಂದ್ತೈತೆ. ಒಬ್ಬೊಬ್ರಿಗೂ ಫೋನ್ ಮಾಡಿ ಕೇಳಿ ಕೂಡಿಸ್ಬೇಕು. ಮೂರು ತಿಂಗ್ಳು ಕೊಡಿ."

"ತಪಾಸಣೆ ಇನ್ನ ಎಂಟೇ ದಿನ ಐತಲ್ರೀ."

"ಹಂಗಾದ್ರೆ ಆರ್ಡರು ಬರವಣಿಗೆಯಾಗೆ ಕೊಡಿ ಸರ್."

ಸರ್ ಬರೆದು ಕೊಡಲಿಲ್ಲ. ಅವನು ಪ್ರೋಗ್ರಾಂ ಓಡಿಸಲಿಲ್ಲ. ಆ ಮಾತಿನಲ್ಲಿ ಚುಕ್ಕಿ ಎಂದಾಗ ಅವನು ನನ್ನ ಕಡೆ ನೋಡಿದ್ದು ನನಗೆ ಮರೆಯಲಿಲ್ಲ.

ಮುಂದಿನ ಗುರುವಾರ ಅವನು ಯರ್ರಮ್ಮನ ಕಣ್ಣಿನ ಪೊರೆ ತೆಗೆಸಲು ಬಳ್ಳಾರಿಗೆ ಹೋದ. ಆಪತ್ತಿಗೆ ಇರಲೆಂದು ಅವನು ತನ್ನ ಲಾಗಿನ್, ಪಾಸ್‌ವರ್ಡ್ ಬರೆದು ಅರಗಿನ ಮುದ್ರೆ ಹಾಕಿದ ಲಕೋಟೆಯೊಂದನ್ನು ಆಫೀಸಿನ ಬೀರುವಿನಲ್ಲಿ ಇಟ್ಟಿದ್ದ. ಚಂದ್ರಶೇಖರ್ ಸರ್ ಅದನ್ನು ಒಡೆದು ನನ್ನ ಬಳಿ ತಂದರು.

"ಸರ್ವಮಂಗಳಮ್ಮ, ನಿಮ್ಗೆ ಟೈಪಿಂಗ್ ಚೆನ್ನಾಗ್ ಬರ್ತೈತೆ. ಕಂಪನಿಯವ್ರು ಫೋನ್‌ನಾಗೆ ಹೇಳ್ತಾರೆ, ನೀವು ಒತ್ತಿ."

ನನ್ನ ಮೇಜಿನ ಕಂಪ್ಯೂಟರು, ಕೌಂಟರ್ ಎರಡು. ಅವನ ಹೆಸರಿನಲ್ಲಿ ಒಳಗೆ ಹೋದೆ. ಖಚಿತವೇ ಎಂದು ಪರದೆ ಕೇಳಿತು. ಹೌದು ಎಂದು ಒತ್ತಿದೆ. ಎರಡು ಸಾವಿರದ ಆರುನೂರ ಹದಿನಾಲ್ಕು ಜೋಡಿ ಒಂದಾದವು. ಸರ್ ಕಾಫಿ ತರಿಸಿದರು. ಸುಳ್ಳೇಕೆ ಹೇಳಲಿ, ನನಗೆ ಆ ದುರುಗೇಶನ ಕೆನ್ನೆಗೆ ಬಾರಿಸಿದಷ್ಟು ಖುಷಿಯಾಗಿತ್ತು.

ಸೋಮವಾರ ಬೆಳಿಗ್ಗೆ ದೇವಸಮುದ್ರದ ಬಸ್ಸಿಗೆ ಬೋರಕ್ಕ ಎಂಬಾಕೆ ಮಗ ಬೋರಣ್ಣನನ್ನು ಕರೆತಂದಳು. ಜಾಲಿ ಮುಳ್ಳು ಚುಚ್ಚಿದ ಪಾದ ಬಾತು ಕೀವಾಗಿತ್ತು. ಬೋರಣ್ಣ, ತಂದೆ ಚಿಕ್ಕೀರಪ್ಪ, ಜೂನ್ ಒಂದು. ಪರದೆಯಲ್ಲಿ ದಾಖಲೆ ಬಂತು. ಕೂಡಲೇ ಬೋರಕ್ಕ ಹೇಳಿದಳು.

"ತಾಯಿ, ಇವ್ನಿಗೆ ಒಂದ್ ಸೂಜಿ ಮದ್ದು ಆಗಲ್ಲ. ಹೋದ್ಸಲ ಇಲ್ಲೇ ಮೈಯೆಲ್ಲ ಊದ್ಕಂಡಿತ್ತು. ನೀವೇ ಬರ್ಕಂಡಿದ್ರಿ, ನೋಡು."

ನೋಡಿದೆ. ಅಲರ್ಜಿ: ಇಲ್ಲ.

"ಕಂಪ್ಯೂಟರ್‌ನಾಗೆ ಇಲ್ಲ ಅಂತ ಐತೆ ಕಣಮ್ಮ. ಬ್ಯಾರೆ ಯಾರ್ದೋ ನೆಪ್ಪು ಮಾಡ್ಕಂಡಿದೀಯ. ಮುಂದಕ್ ಹೋಗು, ಹಿಂದೆ ಜನ ಐತೆ."

ಒಳಗೆ ಡಾಕ್ಟರೂ ಪರದೆ ನೋಡಿದರು. ಕೌಂಟರಿನ ಅಮ್ಮ ಇಲ್ಲ ಅಂದರು ಎಂದು ಬೋರಕ್ಕನೂ ಸುಮ್ಮನಾದಳು. ಪೆನ್ಸಿಲಿನ್ ಜಾತಿಯ ಇಂಜೆಕ್ಷನ್ ಕೊಟ್ಟರು. ಹತ್ತು ನಿಮಿಷದಲ್ಲಿ ಅವನ ತುಟಿ, ಗಂಟಲು ಊದಿ ಉಸಿರು ಕಟ್ಟಿತು. ನರ್ಸುಗಳು ಓಡುವುದನ್ನು ಕೌಂಟರಿನಿಂದಲೇ ಕಂಡೆ. ಅವನು ಬದುಕಿದ. ಆದರೆ ಮೂರು ದಿನ ಐಸಿಯುನಲ್ಲಿ, ಬಾಯೊಳಗೆ ನಳಿಕೆ ಇಟ್ಟುಕೊಂಡು. ಆ ಮೂರು ದಿನವೂ ಬೋರಕ್ಕ ನನ್ನ ಕೌಂಟರಿನ ಎದುರಿನ ಬೆಂಚಿನ ಮೇಲೆಯೇ ಕೂತಿದ್ದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಬಳ್ಳಾರಿಯಿಂದ ವಾಪಸಾದ ದುರುಗೇಶ್ ಐದೇ ನಿಮಿಷದಲ್ಲಿ ಕಂಡುಹಿಡಿದ. ದೇವಸಮುದ್ರದಲ್ಲಿ ಚಿಕ್ಕೀರಪ್ಪನ ಮಗ ಬೋರಣ್ಣಂದಿರು ಇಬ್ಬರು. ಒಬ್ಬ ಕಟ್ಟೆಮನೆಯವನು, ಇನ್ನೊಬ್ಬ ಬಾವಿಮನೆಯವನು. ಬಾವಿಮನೆಯವನು ತೀರಾ ಈಚೆಗೆ ಜ್ವರಕ್ಕೆ ಬಂದಿದ್ದರಿಂದ ಅವನ ದಾಖಲೆ ಉಳಿದಿತ್ತು. ಕಟ್ಟೆಮನೆಯವನ ಅಲರ್ಜಿಯ ಸಾಲು ಅವನ ಹಳೆಯ ನಂಬರಿನ ಜೊತೆ ಹೋಗಿತ್ತು. ಎರಡು ಕಡೆಯೂ ಕರೆಯುವ ಹೆಸರು ಚುಕ್ಕಿ.

ಅವನು ಕೂಗಾಡಲಿಲ್ಲ. ಬುಧವಾರದ ಬ್ಯಾಕಪ್ಪನ್ನು ಆ ಹಳೇ ಕಂಪ್ಯೂಟರಿನಲ್ಲಿ ಎಬ್ಬಿಸಿದ. ಅದು ಎದ್ದು ನಿಂತಿತು. ಎಲ್ಲವನ್ನೂ ಬುಧವಾರಕ್ಕೆ ತಿರುಗಿಸಿದರೆ ಆಮೇಲೆ ಬಂದ ರೋಗಿಗಳ ದಾಖಲೆ ಅಳಿಸಿಹೋಗುತ್ತಿತ್ತು. ಅದಕ್ಕೆ ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಜೋಡಿ ಬಿಡಿಸಿದ. ಹನ್ನೊಂದು ದಿನ ಹಿಡಿಯಿತು. ಹಳ್ಳಿಹಳ್ಳಿಗೆ ಫೋನ್ ಮಾಡುತ್ತಿದ್ದ, ಗಡಿಯ ಕಡೆಯವರ ಜೊತೆ ತೆಲುಗಿನಲ್ಲಿ. "ಅಣ್ಣಾ, ನಾನು ದೇವಸಮುದ್ರದ ಯರ್ರಮ್ಮನ ಮಗ. ನಿಮ್ಮನ್ನ ಊರಾಗೆ ಏನಂತಾರೆ?" ಅವರೂ ಹೇಳುತ್ತಿದ್ದರು, ನಾಚಿಕೆಯಿಲ್ಲದೆ. ನನಗೆ ಹೇಳದವರು ಅವನಿಗೆ ಹೇಳುತ್ತಿದ್ದುದು ಕೇಳಿ ಅಂಥ ಹೊತ್ತಿನಲ್ಲೂ ನನಗೆ ಹೊಟ್ಟೆಕಿಚ್ಚಾಯಿತು. ಏಳುನೂರ ಮೂವತ್ತೊಂದು ಜೋಡಿ ನಿಜಕ್ಕೂ ಇಬ್ಬಿಬ್ಬರು ಮನುಷ್ಯರಾಗಿದ್ದರು.

ಆಮೇಲೆ ವಿಚಾರಣೆ. ಆಸ್ಪತ್ರೆಯ ಯಜಮಾನರಾದ ದೊಡ್ಡ ಡಾಕ್ಟರು ಕುರ್ಚಿಯಲ್ಲಿದ್ದರು. ಪ್ರೋಗ್ರಾಂ ಓಡಿದ್ದು ದುರುಗೇಶನ ಲಾಗಿನ್ನಿನಲ್ಲಿ, ಯಾರು ಒಳಬಂದರೆಂದು ಸರ್ವರ್ ತಾನೇ ಬರೆದಿಡುವ ಲಾಗ್ ಹಾಗೇ ಹೇಳುತ್ತದೆ ಎಂದರು ಚಂದ್ರಶೇಖರ್ ಸರ್. ಲಕೋಟೆಗೆ ಆಗಲೇ ಹೊಸ ಅರಗು ಬಿದ್ದಿತ್ತು. ರಜೆಯಲ್ಲಿದ್ದವನು ಹೊರಗಿನಿಂದಲೂ ಒಳಗೆ ಬರಬಹುದಲ್ಲ ಎಂದರು. ದೊಡ್ಡ ಡಾಕ್ಟರು ನನ್ನ ಕಡೆ ತಿರುಗಿ, "ಲಕೋಟೆ ಯಾರಾದ್ರೂ ಒಡೆದಿದ್ರಾ, ನಿಮ್ಗೆ ಗೊತ್ತಾ?" ಎಂದು ಕೇಳಿದರು.

"ನಂಗೆ ಗೊತ್ತಿಲ್ಲ ಸರ್," ಎಂದೆ.

ದುರುಗೇಶ್ ನನ್ನನ್ನು ನೋಡಿದ. "ರಿಜಿಸ್ಟರ್‌ನಾಗೆ ಬರ್ದೀನಿ ಸರ್, ತರ್ಸಿ ನೋಡಿ," ಎಂದಷ್ಟೇ ಹೇಳಿದ. ಯಾರೂ ತರಿಸಲಿಲ್ಲ. ಅಂದೇ ಅವನನ್ನು ತೆಗೆದರು. ಹೋಗುವಾಗ ಸರ್ವರ್ ರೂಮಿನ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು, "ಶನಿವಾರ ಯಾರ್ ಕೈಲಾದ್ರೂ ಟೆಸ್ಟ್ ಮಾಡ್ಸಿ ಮೇಡಂ," ಎಂದ. ಹೋಗುವವನು ಹೋಗಬಾರದೇ, ಕೆಲಸ ಹೇಳಿ ಹೋಗಬೇಕೇ?

ಎರಡು ವಾರ ಕಳೆಯಿತು. ಬೋರಣ್ಣನ ಪಾದಕ್ಕೆ ಪಟ್ಟಿ ಬದಲಿಸಲು ಬೋರಕ್ಕ ಬಂದಳು. ನಾನು ತಡವರಿಸುತ್ತಾ ಕೇಳಿದೆ, "ಇವ್ರನ್ನ ಊರಾಗೆ ಏನಂತ ಕರೀತಾರಮ್ಮ?"

"ಕಟ್ಟೆಮನೆ ಬೋರ. ಇದನ್ನ ಅವತ್ತೇ ಕೇಳಕ್ಕೇನಾಗಿತ್ತು ನಿನ್ಗೆ?" ಎಂದಳು. ನಾನು ಟೈಪ್ ಮಾಡುತ್ತಲೇ ಇದ್ದೆ. ಅವಳು ಮತ್ತೆ ಬಾಯಿ ತೆರೆದಳು. "ತಪ್ಪು ಮಾಡ್ದೋನ್ನ ಕೆಲ್ಸದಿಂದ ಓಡ್ಸಿದ್ರಂತಲ್ಲ, ಒಳ್ಳೇದಾಯ್ತು. ನಮ್ ಯರ್ರಮ್ಮನ ಮಗನೇ ಅಂತೆ. ಒಂದೇ ಊರ್ನೋನು, ನನ್ ಮಗನ್ನೇ ಸಾಯ್ಸಕ್ ಹೋದ ನೋಡು. ಆ ಯರ್ರಮ್ಮನ ಜತಿಗೆ ನಮ್ ಓಣಿಯಾಗೆ ಯಾರೂ ಮಾತಾಡಲ್ಲ. ಕೂಲಿಗೂ ಕರಿಯಲ್ಲ. ಹೊಸ ಕಣ್ಣು ಬಂದೈತೆ, ಆ ಕಣ್ಣಾಗೆ ನೋಡ್ಲಿ, ಊರು ಹೆಂಗೆ ಮಕ ತಿರಿಗಿಸ್ತೈತೆ ಅಂತ."

ಅವನ ಕೆಲಸ ಹೋದದ್ದು ನನ್ನ ಮನಸ್ಸನ್ನು ಚುಚ್ಚಿರಲಿಲ್ಲ, ಬೇರೆ ಕೆಲಸ ಸಿಗುತ್ತದೆ ಬಿಡು ಎಂದುಕೊಂಡಿದ್ದೆ. ಸಿಕ್ಕಿತ್ತು ಕೂಡ, ಮೊಳಕಾಲ್ಮೂರಿನ ಸೀರೆ ವ್ಯಾಪಾರಿಯೊಬ್ಬರ ಬಳಿ. ಆದರೆ ಹಾಲ್ ಟಿಕೇಟಿನ ಕಥೆ ಹೇಳಿಕೊಂಡು ಇದೇ ಕೌಂಟರಿಗೆ ಒರಗಿ ನಿಂತಿದ್ದ ಆ ಹೆಂಗಸು ನೆನಪಾದಳು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

"ಅವ್ನಲ್ಲ ಬೋರಕ್ಕ," ಎಂದೆ. "ನಾನು."

ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗುವ ಹಾಗೆ ಇನ್ನೊಮ್ಮೆ ಹೇಳಿದೆ, ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ. ಅವಳು ನನ್ನನ್ನು ನೋಡಿದ ರೀತಿಯನ್ನು ಬರೆಯಲು ನನ್ನಿಂದಾಗುವುದಿಲ್ಲ.

ಸೀದಾ ಸರ್ವರ್ ರೂಮಿಗೆ ಹೋಗಿ ರಿಜಿಸ್ಟರ್ ತೆರೆದೆ. ಜೋಡಿ ಕೂಡಿಸಿದ ದಿನದ ಬರಹ ಅವನದೇ, ಆ ದುಂಡನೆಯ ಅಕ್ಷರ. ಗುರುವಾರ, ಹನ್ನೊಂದು ಇಪ್ಪತ್ತು. ಕಂಪ್ಯೂಟರ್: ಕೌಂಟರ್ ಎರಡು. ಲಾಗಿನ್: ಲಕೋಟೆಯದು. ಕೆಲಸ: 2,614 ಜೋಡಿ ಕೂಡಿಸಿದ್ದು. ಯಾರು ಎನ್ನುವ ಖಾನೆ ಖಾಲಿ. ಕೌಂಟರ್ ಎರಡರಲ್ಲಿ ಯಾರು ಕೂರುತ್ತಾರೆಂದು ಅವನಿಗೆ ಗೊತ್ತಿಲ್ಲವೇ? ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲ ಎಂಬ ಜಂಬ. ಬರೆದಿದ್ದರೆ ಸುಳ್ಳು ಎಂದು ಜಗಳವನ್ನಾದರೂ ಆಡಬಹುದಿತ್ತು. ಇವನು ಅದಕ್ಕೂ ಜಾಗ ಬಿಡದೆ, ನನಗೆ ಮಾತ್ರ ಜಾಗ ಬಿಟ್ಟು ಹೋಗಿದ್ದ.

ಹೆಸರು ಬರೆದೆ, ಸಹಿ ಹಾಕಿದೆ. ಅದರ ಕೆಳಗೆ, ಲಕೋಟೆ ಒಡೆದು ಕೊಟ್ಟವರು ಚಂದ್ರಶೇಖರ್ ಸರ್ ಎಂದೂ ಬರೆದೆ. ರಿಜಿಸ್ಟರ್ ಎತ್ತಿಕೊಂಡು ದೊಡ್ಡ ಡಾಕ್ಟರ ಕೋಣೆಗೆ ನಡೆದಾಗ ಸರ್ ಕಾರಿಡಾರಿನಲ್ಲಿ ಅಡ್ಡ ಬಂದರು.

"ಸರ್ವಮಂಗಳಮ್ಮ, ತಲೆ ಕೆಟ್ಟೈತಾ? ಆ ಪೇಜ್ ಹರ್ದಾಕಿ."

"ಪುಟಕ್ಕೆ ನಂಬರೈತೆ ಸರ್," ಎಂದೆ. ಅವನು ಆಡುವಂಥ ಮಾತು ನನ್ನ ಬಾಯಲ್ಲಿ ಬಂದದ್ದಕ್ಕೆ ನನಗೇ ಮೈ ಉರಿಯಿತು.

ಈಗ ನನ್ನನ್ನು ಸಸ್ಪೆಂಡ್ ಮಾಡಿದ್ದಾರೆ. ಸರ್ ರಜೆ ಹಾಕಿದ್ದಾರೆ. ಆ ಪುಟದ ನಕಲನ್ನು ನಾನೇ ಬಸ್ಸಿನಲ್ಲಿ ದೇವಸಮುದ್ರಕ್ಕೆ ಒಯ್ದು, ಕಟ್ಟೆಯ ಮೇಲೆ ಕೂತವರೆದುರು ಓದಿ ಹೇಳಿ, ಯರ್ರಮ್ಮನ ಕೈಗೆ ಕೊಟ್ಟು ಬಂದೆ. ಅವಳು ಕೂರು ಎನ್ನಲಿಲ್ಲ, ನೀರೂ ಕೊಡಲಿಲ್ಲ. ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ದುರುಗೇಶನ ಫೋನ್ ಬಂತು. ಏಳು ವರ್ಷದಲ್ಲಿ ಅವನು ನನಗೆ ಫೋನ್ ಮಾಡಿದ್ದು ಅದೇ ಮೊದಲು. ಒಂದು ಕೃತಜ್ಞತೆಯ ಮಾತು ಬರಬಹುದೆಂದು ಕಿವಿಗೆ ಒತ್ತಿಕೊಂಡೆ.

"ಮೇಡಂ, ಆ ಖಾನೆ ತುಂಬಿದೀರಂತೆ."

"ಹೂಂ. ತುಂಬಿದೀನಿ."

"ಹೆಸ್ರು ಬರ್ದಿದೀರೋ, ಚುಕ್ಕಿ ಇಟ್ಟಿದೀರೋ?"